ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ಬರೀ ಕುರುಚಲು ಬಯಲು ತಾನೆ, ಅದಕ್ಕೆ ಅಷ್ಟು ಮಹತ್ವ ಯಾಕೆ?

ನಮ್ಮ ಗೋಮಾಳ ಗೊತ್ತಲ್ವಾ? ಕಾಮನ್ ಅಂದರೆ ಹೆಚ್ಚುಕಡಿಮೆ ಅದೇ. ಆದರೆ ಅಲ್ಲಿ ಜಾಗದ ಒಡೆತನ ಬೇರೆ, ದನ ಮೇಯಿಸುವ ಹಕ್ಕು ಬೇರೆ. ಆ ಹಕ್ಕು ಸುತ್ತಲಿನ ಕೆಲವು ಮನೆಗಳಿಗೆ ಸೇರಿದ್ದು. ಗ್ರೀನ್‌ಹ್ಯಾಮ್ ಇರುವುದು ಬರ್ಕ್‌ಷೈರ್‌ನ ನ್ಯೂಬರಿ ಪಟ್ಟಣದ ಪಕ್ಕದಲ್ಲಿ.

ನೆಲ ಗರಸು, ಸಾರವಿಲ್ಲ. ಅಂಥ ಕಡೆಯೇ ಹೆದರ್ ಎಂಬ ಗಿಡ್ಡ ಗಿಡ ಚೆನ್ನಾಗಿ ಬರುತ್ತದೆ (ಹೆಸರು ಕೇಳಿ ಹೆದರಬೇಡಿ, ಬೇಸಿಗೆ ಕೊನೆಗೆ ನೇರಳೆ ಹೂ ಬಿಡುವ ಪಾಪದ ಗಿಡ). ಜೊತೆಗೆ ಗಾರ್ಸ್ ಎಂಬ ಮುಳ್ಳುಪೊದೆ. ಅದರ ಹಳದಿ ಹೂ ಮೂಸಿದರೆ ಥೇಟ್ ಕೊಬ್ಬರಿ ವಾಸನೆ! ನೈಟ್‌ಜಾರ್ ಹಕ್ಕಿ ಇಲ್ಲಿ ಗೂಡೂ ಕಟ್ಟದೆ ನೆಲದ ಮೇಲೇ ಮೊಟ್ಟೆ ಇಡುತ್ತದೆ. ದನ ಮೇಯುವುದು ನಿಂತರೆ ಬರ್ಚ್ ಮರಗಳು ಎದ್ದು ಬಯಲು ಮುಚ್ಚಿಹೋಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಇದು ವಿಮಾನ ನೆಲೆಯಾಯಿತು. ಆಮೇಲೆ ಅಮೆರಿಕದ ಅಣು ಕ್ಷಿಪಣಿ ಇಲ್ಲಿಡುವ ತೀರ್ಮಾನವಾಯಿತು. ಅದನ್ನು ವಿರೋಧಿಸಿ 1981ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಹೆಂಗಸರು ನಡೆದುಕೊಂಡೇ ಬಂದು ಬೇಲಿ ಹೊರಗೆ ಬಿಡಾರ ಹೂಡಿದರು. 1982ರ ಡಿಸೆಂಬರ್‌ನಲ್ಲಿ ಸುಮಾರು 30,000 ಹೆಂಗಸರು ಕೈ ಕೈ ಹಿಡಿದು ಇಡೀ ನೆಲೆಯನ್ನೇ ಸುತ್ತುವರಿದರು. ಬೇಲಿಗೆ ಮಕ್ಕಳ ಬಟ್ಟೆ, ಫೋಟೊ ಸಿಕ್ಕಿಸಿದರು. ಕ್ಷಿಪಣಿಗಳು 1983ರಲ್ಲಿ ಬಂದೇ ಬಂದವು, 1991ಕ್ಕೆ ಎಲ್ಲಾ ಹೋದವು. ಬಿಡಾರ ಮಾತ್ರ 2000ದವರೆಗೂ ಇತ್ತು. ಸುಮ್ನೆ ಮಾತಲ್ಲ, 19 ವರ್ಷ!

ಅದೇ ವರ್ಷ ಬಯಲು ಮತ್ತೆ ಜನರಿಗೆ ತೆರೆಯಿತು. ರನ್‌ವೇ ಕಾಂಕ್ರೀಟ್ ಕಿತ್ತ ಜಾಗದಲ್ಲಿ ಈಗ ದನ ಮೇಯುತ್ತವೆ. ಕ್ಷಿಪಣಿ ಇಟ್ಟಿದ್ದ ಹುಲ್ಲುಹೊದ್ದ ದಿಬ್ಬಗಳು ಬೇಲಿಯಾಚೆ ಹಾಗೇ ಕಾಣುತ್ತವೆ.