ಪ್ರತಿ: ಕಾವಲು ತರಬೇತಿಗೆ ಬೋಟು ಬಾಡಿಗೆ

ಜುಲೈಯಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್‌ಬೋಟುಗಳು ಹೇಗೂ ಖಾಲಿ, ಮೀನುಗಾರಿಕೆ ಕಾವಲಿನ (ನಿಯಮ ಮೀರಿ ಮೀನು ಹಿಡಿಯುವವರನ್ನು ತಡೆಯುವ ಕೆಲಸದ) ತರಬೇತಿಗೆ ಕಾಸರಗೋಡಿನ ಮಂಜೇಶ್ವರದಿಂದ ಒಂದನ್ನು ಅಗ್ಗಕ್ಕೆ ಹಿಡಿಯಬಹುದೇ ಎಂದು ಕೇಳಿದ್ದೀರಿ. ಖಾಲಿ ಇರುವುದು ನಿಜ. ಕೇರಳದ 52 ದಿನಗಳ ಟ್ರಾಲಿಂಗ್ ನಿಷೇಧ ಜುಲೈ 31ರ ವರೆಗೂ ಇರುತ್ತದೆ. ಆದರೆ ಆ ಮಳೆಗಾಲದಲ್ಲಿ ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿಸುವುದು ಬೋಟು ನಡೆಸುವ ಪಳಗಿದ ತಂಡೇಲರಿಗೇ ಕಷ್ಟ. ಹೊಸಬರನ್ನು ಹತ್ತಿಸಬೇಡಿ. ನವೆಂಬರ್ ಕಳೆಯಲಿ.

ಇನ್ನು, ಒಂದು ಬೋಟು ಸಾಲದು. ನಿಮ್ಮವರು ಕಲಿಯಬೇಕಾದದ್ದೇ ಓಡುವ ಬೋಟಿನ ಪಕ್ಕಕ್ಕೆ ಬಂದು ಹತ್ತುವುದನ್ನು. ಎರಡು ಬೋಟುಗಳ ನಡುವೆ ಟಯರು ಇಳಿಬಿಟ್ಟು, ಅಲೆ ಮೇಲೇರಿದಾಗ ಕಾಲಿಡಬೇಕು; ಇಳಿಯುವಾಗ ಇಟ್ಟರೆ ಕಾಲು ಎರಡರ ನಡುವೆ ಸಿಕ್ಕೀತು. ಹತ್ತಿದ ಮೇಲೆ ಬಲೆಯ ಕಣ್ಣು ಅಳೆಯಲಿ, ಹಿಡಿದ ಮೀನು ಕಾನೂನಿನ ಕನಿಷ್ಠ ಅಳತೆಗಿಂತ, ಅಂದರೆ ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದೆಯೇ ನೋಡಲಿ.

ದರ ಮಾತಾಡುವಾಗ ಡೀಸೆಲ್ ಯಾರದ್ದು, ಹವೆ ಕೆಟ್ಟು ಹೊರಡದಿದ್ದರೆ ದುಡ್ಡೆಷ್ಟು ಎಂಬುದನ್ನು ಬರೆಸಿಕೊಳ್ಳಿ. ಅದಕ್ಕಿಂತ ಮುಖ್ಯ ವಿಮೆ: ಮೀನು ಹಿಡಿಯುವ ಬೋಟಿನ ಪಾಲಿಸಿ ತರಬೇತಿಯವರಿಗೂ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಲಿಖಿತ ಉತ್ತರ ತರಿಸಿ. ಮಾಲಕರ ಬಾಯಿಮಾತು ಬೇಡ. ಹೊರಡುವ ಮುಂಚೆ ಮೀನುಗಾರಿಕೆ ಇಲಾಖೆಗೂ ಕರಾವಳಿ ಪೊಲೀಸರಿಗೂ ಹೆಸರುಪಟ್ಟಿ ಕೊಟ್ಟುಬಿಡಿ.