ಆತಂಕ ಕಡಿಮೆಯಾಗುವವರೆಗೆ ನಿದ್ದೆಗಾಗಿ ಕಾಯಬೇಡಿ

ಎಂಟು ತಿಂಗಳಿಂದ ಸರಿಯಾದ ನಿದ್ದೆಯಿಲ್ಲ, ಹಗಲೆಲ್ಲ ಎದೆಯಲ್ಲಿ ಅಳುಕು, ಸಣ್ಣ ಮಾತಿಗೂ ಕಣ್ಣೀರು. ಆತಂಕಕ್ಕೆ ಚಿಕಿತ್ಸೆ ಪಡೆದರೆ ನಿದ್ದೆ ತಾನಾಗಿಯೇ ಬರುತ್ತದೆಯೇ ಎಂದು ಕೇಳಿದ್ದೀರಿ. ಬಂದರೂ ಬರಬಹುದು. ಆದರೆ ಅದನ್ನೇ ನಂಬಿ ಕಾಯುತ್ತ ಕೂರಬೇಡಿ. ಹಾಗೆ ಕಾದು ನಾನು ಎರಡು ವರ್ಷ ಕಳೆದುಕೊಂಡಿದ್ದೇನೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಆ ಎರಡು ವರ್ಷಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ನಾನು ಮೊದಲು ಕಂಡ ವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ಮನಸ್ಸು ತಿಳಿಯಾಗಲಿ, ನಿದ್ದೆ ಬರುತ್ತದೆ. ಗಾದೆ ಸುಳ್ಳಲ್ಲ. ಆದರೆ ಸರಿಯಾಗಿ ನಿದ್ದೆ ಮಾಡದವನಿಗೆ ಚಿಂತೆ ಎಲ್ಲಿಂದಲಾದರೂ ಹುಟ್ಟಿಕೊಳ್ಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಕಚೇರಿಯಲ್ಲಿ ಮೇಲಧಿಕಾರಿ ಕಳುಹಿಸಿದ ‘ಬಂದು ಕಾಣಿ’ ಎಂಬ ಎರಡು ಪದಗಳಿಗೆ ನನ್ನ ಕೈ ನಡುಗುತ್ತಿತ್ತು. ಅಪರೂಪಕ್ಕೆ ಚೆನ್ನಾಗಿ ನಿದ್ದೆ ಮಾಡಿದ ಮರುದಿನ ಅದೇ ಪದಗಳು ಬಂದರೆ ಎದ್ದು ಹೋಗಿ ಕಂಡು ಬರುತ್ತಿದ್ದೆ, ಅಷ್ಟೇ.

ಇದು ನನ್ನೊಬ್ಬನ ಅನುಭವವಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸುಮಾರು 35 ಗಂಟೆ ಎಚ್ಚರವಿದ್ದವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಭಯಕ್ಕೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗ, ನಿದ್ದೆ ಮಾಡಿದವರಿಗಿಂತ ಶೇ 60ರಷ್ಟು ಹೆಚ್ಚು ಕೆರಳಿತ್ತು. ಅದನ್ನು ಹತೋಟಿಯಲ್ಲಿಡುವ ಹಣೆಯ ಹಿಂದಿನ ಭಾಗದೊಂದಿಗೆ ಅದರ ಸಂಪರ್ಕವೂ ಸಡಿಲವಾಗಿತ್ತು. ನಿಮ್ಮ ಕಣ್ಣೀರನ್ನು ದೌರ್ಬಲ್ಯವೆಂದು ದಯವಿಟ್ಟು ಎಣಿಸಬೇಡಿ.

ನಿದ್ದೆಯನ್ನು ಮಾತ್ರ ಸರಿಪಡಿಸಿದರೆ ಮನಸ್ಸು ಸುಧಾರಿಸುತ್ತದೆಯೇ ಎಂಬುದನ್ನೂ ಪರೀಕ್ಷಿಸಿದ್ದಾರೆ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಆನ್‌ಲೈನ್ ಮೂಲಕ ನಿದ್ರಾಹೀನತೆಯ ಚಿಕಿತ್ಸೆ ಕೊಟ್ಟರು. ನಿದ್ದೆಯ ಜೊತೆಗೆ ಅವರ ಆತಂಕ, ಖಿನ್ನತೆ, ವಿನಾಕಾರಣ ಇತರರನ್ನು ಶಂಕಿಸುವ ಮನಸ್ಥಿತಿ ಇವೆಲ್ಲವೂ ಇಳಿದವು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ನಿಮಗೆ ಎಂಟು ತಿಂಗಳಾಗಿದೆ. ಆತಂಕದ ಚಿಕಿತ್ಸೆ ನಡೆಯುತ್ತಿರಲಿ, ಅದರ ಜೊತೆಗೇ ಇದಕ್ಕೂ ಚಿಕಿತ್ಸೆ ಬೇಕೆಂದು ವೈದ್ಯರನ್ನು ಕೇಳಿ.

ನನ್ನನ್ನು ಮೇಲೆತ್ತಿದ್ದು ಸಿಬಿಟಿ-ಐ, ಅಂದರೆ ನಿದ್ರಾಹೀನತೆಗೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ; ನಿದ್ದೆ ಕೆಡಿಸುವ ಯೋಚನೆ, ಅಭ್ಯಾಸಗಳನ್ನು ಬದಲಿಸುವ ವಿಧಾನ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿತು. ಇದರ ಮುಖ್ಯ ಸೂತ್ರ ಕೇಳಿದಾಗ ನನಗೆ ಸಿಟ್ಟು ಬಂದಿತ್ತು: ನಿದ್ದೆ ಸಾಲದವನು ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಇನ್ನೂ ಕಡಿಮೆ ಮಾಡಬೇಕು! ಎರಡು ವಾರ ದಿನಚರಿ ಬರೆದಾಗ ನನ್ನ ಲೆಕ್ಕ ಹೊರಬಿತ್ತು. ಒಂಬತ್ತು ಗಂಟೆ ಮಲಗಿರುತ್ತಿದ್ದೆ, ನಿದ್ದೆ ಐದೂವರೆ ಗಂಟೆ. ಉಳಿದದ್ದು ಬರೀ ಹೊರಳಾಟ. ಹಾಗಾಗಿ ರಾತ್ರಿ ಹನ್ನೆರಡೂವರೆಗೆ ಮಲಗಿ, ನಿದ್ದೆ ಬಂದಿರಲಿ ಬಿಡಲಿ, ಬೆಳಿಗ್ಗೆ ಆರಕ್ಕೆ ಏಳಬೇಕೆಂದು ಚಿಕಿತ್ಸಕಿ ಗೊತ್ತುಮಾಡಿದರು. ಹಗಲು ಮಲಗುವಂತಿಲ್ಲ. ಮಲಗಿದ ಹೊತ್ತಿನ ಶೇ 85ರಷ್ಟು ನಿದ್ದೆಯಲ್ಲೇ ಕಳೆದರೆ ಮಾತ್ರ ಮುಂದಿನ ವಾರ ಹದಿನೈದು ನಿಮಿಷ ಹೆಚ್ಚಿಸಬಹುದು.

ಮೊದಲ ವಾರ ನರಕ. ಸಂಜೆ ಏಳಕ್ಕೇ ಕಣ್ಣು ಎಳೆಯುತ್ತಿತ್ತು, ಆತಂಕ ಹೆಚ್ಚಾದಂತೆಯೂ ಅನ್ನಿಸಿತು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ ಇರಬೇಕು. ಆದರೆ ಎಚ್ಚರವಿದ್ದಷ್ಟೂ ನಿದ್ದೆಯ ಒತ್ತಡ ಮಿದುಳಿನಲ್ಲಿ ಕೂಡುತ್ತ ಹೋಗುತ್ತದೆ. ಎರಡನೆಯ ವಾರದ ಕೊನೆಗೆ ದಿಂಬಿಗೆ ತಲೆ ಕೊಟ್ಟ ಹತ್ತು ನಿಮಿಷಕ್ಕೆ ಜೊಂಪು ಹತ್ತತೊಡಗಿತು. ನಡುರಾತ್ರಿ ಎಚ್ಚರವಾಗುವುದೂ ಕಡಿಮೆಯಾಯಿತು.

ಇನ್ನೊಂದು ನಿಯಮ: ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದೆ ಕಿರಿಕಿರಿಯಾದರೆ ಹಾಸಿಗೆ ಬಿಟ್ಟು ಏಳಬೇಕು. ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮರಳಬೇಕು. ಗಡಿಯಾರ ನೋಡಬಾರದು, ಹೊತ್ತು ಅಂದಾಜಿನಲ್ಲಿರಲಿ. ತಿಂಗಳುಗಟ್ಟಲೆ ಹೊರಳಾಡಿದವರಿಗೆ ಹಾಸಿಗೆ ಕಂಡೊಡನೆ ಮೈ ಎಚ್ಚರಗೊಳ್ಳುವ ಅಭ್ಯಾಸವಾಗಿರುತ್ತದೆ. ಬಿಡಿಸಬೇಕಾದದ್ದು ಆ ಅಭ್ಯಾಸವನ್ನು. ಚಿಂತೆಗಳಿಗೂ ಸಂಜೆ ಅರ್ಧ ಗಂಟೆ ಬೇರೆಯೇ ಇಟ್ಟು ಹಾಳೆಯ ಮೇಲೆ ಬರೆದುಬಿಡುತ್ತಿದ್ದೆ. ಕಾಫಿಯನ್ನು ಮಧ್ಯಾಹ್ನಕ್ಕೆ ನಿಲ್ಲಿಸಿದೆ, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಇಳಿಯಲೇ ಸುಮಾರು ಐದು ಗಂಟೆ ಬೇಕು. ಮದ್ಯ ಬೇಡವೇ ಬೇಡ, ಮೊದಲು ಮಂಪರು ತಂದರೂ ರಾತ್ರಿಯ ಉತ್ತರಾರ್ಧವನ್ನು ಕೆಡಿಸುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಬೈಪೋಲಾರ್ ಸಮಸ್ಯೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ) ಅಥವಾ ಅಪಸ್ಮಾರ (ಮೂರ್ಛೆರೋಗ) ಇದ್ದವರು, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುವವರು, ವಾಹನ ಓಡಿಸುವ ಅಥವಾ ಯಂತ್ರಗಳ ಜೊತೆ ಕೆಲಸ ಮಾಡುವವರು ನಿದ್ದೆಯ ಹೊತ್ತನ್ನು ತಾವಾಗಿಯೇ ಕಡಿತ ಮಾಡಬಾರದು. ಐದು ಗಂಟೆಗಿಂತ ಕೆಳಗೆ ಯಾರೂ ಇಳಿಯಬಾರದು. ಈಗಾಗಲೇ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿ. ಬದುಕೇ ಬೇಡವೆನ್ನಿಸುತ್ತಿದ್ದರೆ ಈ ಯಾವುದಕ್ಕೂ ಕಾಯದೆ ಇಂದೇ ವೈದ್ಯರನ್ನು ಕಾಣಿ, ಮನೆಯವರಲ್ಲಿ ಒಬ್ಬರಿಗೆ ಹೇಳಿ.

ನನ್ನ ಆತಂಕ ಪೂರ್ತಿ ಹೋಗಿಲ್ಲ. ಅದಕ್ಕೆ ಆಪ್ತಸಮಾಲೋಚನೆ ಮುಂದುವರಿದಿದೆ. ಆದರೆ ಅಲ್ಲಿ ಹೇಳಿಕೊಟ್ಟದ್ದು ತಲೆಗೆ ಹತ್ತತೊಡಗಿದ್ದು ನಿದ್ದೆ ಬರತೊಡಗಿದ ಮೇಲೆಯೇ.

ನಾಳೆ ಬೆಳಿಗ್ಗೆಯಿಂದಲೇ ದಿನಚರಿ ಬರೆಯಿರಿ: ಎಷ್ಟು ಹೊತ್ತಿಗೆ ಮಲಗಿದಿರಿ, ಅಂದಾಜು ಎಷ್ಟು ಹೊತ್ತು ನಿದ್ದೆ ಬಂತು, ಎಷ್ಟು ಹೊತ್ತಿಗೆ ಎದ್ದಿರಿ. ಎರಡು ವಾರದ ಲೆಕ್ಕ ಕೈಯಲ್ಲಿದ್ದರೆ ವೈದ್ಯರಿಗೂ ಅನುಕೂಲ. ಅದನ್ನು ಇಲ್ಲಿ ಬರೆದರೆ ನಾನೂ ಖಂಡಿತ ಓದುತ್ತೇನೆ.