ಮರದ ಡೆಕ್‌ಗೆ ಕುಲುಮೆಯ ರೇಲಿಂಗ್: ಮೊದಲು ಯಾವ ಟೂಲ್ ಕೊಳ್ಳಲಿ?

ಮನೆಯ ಹಿಂದೆ ತೋಟದ ಕಡೆಗೆ ಇಪ್ಪತ್ತಡಿ ಉದ್ದದ ಮರದ ಡೆಕ್ (ಹಲಗೆ ಹಾಸಿದ ತೆರೆದ ಜಗಲಿ) ಕಟ್ಟಿ, ಅದರ ರೇಲಿಂಗ್ ನೀವೇ ಕಾಸಿ ಬಡಿದು ಮಾಡಬೇಕು ಅಂದಿದ್ದೀರಿ. ಗ್ಯಾಸ್ ಫೋರ್ಜ್ (ಗ್ಯಾಸಿನಿಂದ ಉರಿಯುವ ಕುಲುಮೆ), ಅಡಿಗಲ್ಲು (ಕಾಸಿದ ಕಬ್ಬಿಣ ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿ), ವೆಲ್ಡಿಂಗ್ ಮಷಿನ್, ಇವುಗಳಲ್ಲಿ ಮೊದಲು ಯಾವುದು ಕೊಳ್ಳಲಿ ಅನ್ನುವುದು ನಿಮ್ಮ ಪ್ರಶ್ನೆ. ನಾನು ಸಾಗರದ ಹತ್ತಿರದವನು, ನಮ್ಮ ಮನೆಗೂ ಇಂಥದ್ದೇ ಮಾಡಿಕೊಂಡಿದ್ದೇನೆ. ಸದ್ಯಕ್ಕೆ ಮೂರನ್ನೂ ಕೊಳ್ಳಬೇಡಿ. ಮೊದಲು ಒಂದು ಲೆಕ್ಕ ಹಾಕಿ.

ಮಗುವಿನ ತಲೆ ತೂರಬಾರದು ಅಂದರೆ ಸರಳುಗಳ ನಡುವಿನ ಸಂದು ನಾಲ್ಕು ಇಂಚಿನ ಒಳಗಿರಬೇಕು. ಎತ್ತರ ಒಂದು ಮೀಟರಿಗೆ ಕಡಿಮೆ ಬೇಡ. 12 ಎಂಎಂ ಚೌಕ ಸರಳು ಹಾಕಿದರೆ ಮೀಟರಿಗೆ 9 ಬೇಕಾಗುತ್ತದೆ. ಇಪ್ಪತ್ತಡಿಗೆ 55ರ ಹತ್ತಿರ ಬಂತು. ಒಂದು ಮೀಟರ್ ಸರಳು 1.13 ಕೆಜಿ ತೂಗುತ್ತದೆ. ಅಂದರೆ ಕಂಬ, ಪಟ್ಟಿ ಬಿಟ್ಟು ಬರೀ ಸರಳೇ 60 ಕೆಜಿ ಮೇಲಾಯಿತು. ಅಷ್ಟನ್ನೂ ಕಾಸಿ ತಿರುಚುತ್ತೇನೆ ಅಂತ ಹೊರಟರೆ ರಟ್ಟೆ ಬಿದ್ದುಹೋಗುತ್ತದೆ. ಮೂರಕ್ಕೊಂದು ತಿರುಚಿ, ಉಳಿದವನ್ನು ನೆಟ್ಟಗೇ ಬಿಡಿ. ನೋಡಲಿಕ್ಕೂ ಅದೇ ಚೆಂದ. ಎಲ್ಲವೂ ತಿರುಚಿಕೊಂಡಿದ್ದರೆ ಕಲ್ಯಾಣ ಮಂಟಪದ ಗೇಟಿನ ಹಾಗೆ ಕಾಣುತ್ತದೆ, ಅಲ್ವಾ?

ಇಷ್ಟು ಕೆಲಸಕ್ಕೆ ಸ್ವಂತ ಕುಲುಮೆ ಬೇಕಿಲ್ಲ. ಕತ್ತಿ, ಗುದ್ದಲಿ ತಟ್ಟಿಕೊಡುವ ಕುಲುಮೆ ನಿಮ್ಮ ಕಡೆಯೂ ಒಂದಾದರೂ ಉಳಿದಿರಬೇಕು. ಅಲ್ಲಿನ ಆಚಾರ್ರ ಹತ್ತಿರ ದಿನದ ಲೆಕ್ಕದಲ್ಲಿ ಮಾತಾಡಿಕೊಂಡು ಜೊತೆಗೆ ನಿಂತು ಕೆಲಸ ಮಾಡಿ. ಹದ ಗೊತ್ತಾಗುವುದು ಬಣ್ಣದಿಂದ. ಕಿತ್ತಳೆ ದಾಟಿ ಹಳದಿಗೆ ತಿರುಗುವಾಗ ಬಡಿಯಬೇಕು. ಬಿಳಿಯಾಗಿ ಕಿಡಿ ಹಾರಿತು ಅಂದರೆ ಕಬ್ಬಿಣ ಸುಟ್ಟಿತು ಅಂತಲೇ. ನಮ್ಮೂರ ಆಚಾರ್ರು ಹೇಳುತ್ತಿದ್ದದ್ದು: "ಕೆಂಪು ಆರಿದ ಮೇಲೆ ಹೊಡೀಬೇಡಿ ಭಟ್ರೇ, ಸರಳಿಗೂ ಪೆಟ್ಟು, ನಿಮ್ಮ ಮೊಣಕೈಗೂ ಪೆಟ್ಟು." ತುದಿಯನ್ನು ಚೂಪು ಮಾಡುವಾಗ ಸರಳು ಎಷ್ಟು ಉದ್ದವಾಗುತ್ತದೆ ಅಂತ ಹೊಸಬರಿಗೆ ಅಂದಾಜು ಸಿಗುವುದಿಲ್ಲ. ಎರಡು ಇಂಚು ಸರಳನ್ನು ಮೊನೆಯಾಗಿ ಎಳೆದರೆ ಆರು ಇಂಚಾಗುತ್ತದೆ. ತಿರುಚಿದರೆ ಸ್ವಲ್ಪ ಗಿಡ್ಡವಾಗುತ್ತದೆ. ಹಾಗಾಗಿ ಮೊದಲು ಒಂದು ಮಾದರಿ ಮಾಡಿ, ಅಳೆದು, ಆಮೇಲೆ ಉಳಿದದ್ದನ್ನು ಕತ್ತರಿಸಿ.

ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿ ಬಿದ್ದಿರುತ್ತದೆ. ಅದು ಕತ್ತಿಗೆ ಸರಿ, ರೇಲಿಂಗಿಗೆ ಬೇಡ. ನಿಮಗೆ ಬೇಕಾದ್ದು ಅಂಗಡಿಯಲ್ಲಿ ಸಿಗುವ ಮೈಲ್ಡ್ ಸ್ಟೀಲ್. ಗ್ಯಾಲ್ವನೈಸ್ಡ್, ಅಂದರೆ ಸತು ಲೇಪಿಸಿದ ಪೈಪಿನ ತುಂಡನ್ನಂತೂ ಬೆಂಕಿಗೆ ಹಾಕಲೇಬೇಡಿ. ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಕಾವು ಅದಕ್ಕಿಂತ ಜಾಸ್ತಿ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಇನ್ನು ಅಡಿಗಲ್ಲಿಗೆ ರೈಲು ಹಳಿಯ ತುಂಡು ಹುಡುಕುವ ಹುಚ್ಚು ಕೆಲವರಿಗೆ ಇರುತ್ತದೆ. ರೈಲ್ವೆ ಸೊತ್ತು ಅಕ್ರಮವಾಗಿ ಇಟ್ಟುಕೊಂಡರೆ ಶಿಕ್ಷೆ ಕೊಡಲು 1966ರಿಂದಲೇ ಕಾನೂನು ಇದೆ. ಬಿಲ್ ಇಲ್ಲದ ಹಳಿ ತರಬೇಡಿ.

ಈಗ ಡೆಕ್. ನಿಮ್ಮದು ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಯಾದರೆ ಡೆಕ್ಕನ್ನು ಅದಕ್ಕೆ ಬೋಲ್ಟ್ ಮಾಡಬೇಡಿ. ಆ ಕಲ್ಲು ಬೋಲ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಮಳೆನೀರು ತೂತಿನಿಂದ ಒಳಗಿಳಿಯುತ್ತದೆ. ಗೋಡೆಯಿಂದ ಒಂದಿಂಚು ಬಿಟ್ಟು ಸ್ವಂತ ಕಂಬದ ಮೇಲೆ ನಿಲ್ಲಿಸಿ. ಕಂಬದ ಬುಡ ಮಣ್ಣಿಗೆ ತಾಗದೆ ಕಾಂಕ್ರೀಟಿನ ಮೇಲೆ ಕಬ್ಬಿಣದ ಶೂನಲ್ಲಿ ಕೂತಿರಲಿ, ಇಲ್ಲದಿದ್ದರೆ ಒರಲೆ (ಗೆದ್ದಲು) ಬಿಡುವುದಿಲ್ಲ. ಹಲಗೆಗಳ ಮಧ್ಯೆ 5–6 ಎಂಎಂ ಸಂದು ಬಿಡಿ. ಸಾಗುವಾನಿಯೋ ಮತ್ತಿಯೋ ಕೆಚ್ಚು (ಮರದ ಒಳಗಿನ ಗಟ್ಟಿ ಭಾಗ) ಇರುವ ಹಲಗೆ ಆರಿಸಿ, ಹೊರಗಿನ ಬಿಳಿ ಭಾಗ ಬೇಡ. ಮರದ ಚೊಗರು ಮತ್ತು ಒದ್ದೆ ಕಬ್ಬಿಣ ಸೇರಿದರೆ ಕಪ್ಪು ಕಲೆ ಆಗುತ್ತದೆ. ಅದಕ್ಕೇ ಸ್ಟೇನ್‌ಲೆಸ್ ಸ್ಕ್ರೂ, ರೇಲಿಂಗಿನ ಪಾದದ ಕೆಳಗೆ ರಬ್ಬರ್ ಹಾಳೆ.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ರೇಲಿಂಗ್ ಕಂಬದ ಬುಡಕ್ಕೆ. ಮೇಲಿನ ಪಟ್ಟಿ 200 ಪೌಂಡ್, ಅಂದರೆ ಸುಮಾರು 90 ಕೆಜಿ ತಳ್ಳುವಿಕೆ ತಡೆಯಬೇಕು ಅಂತ ಅಮೆರಿಕದ ಮನೆಗಳ ನಿಯಮ ಹೇಳುತ್ತದೆ. ಮೀಟರ್ ಎತ್ತರದಲ್ಲಿ 90 ಕೆಜಿ ಒರಗಿದರೆ, ಬುಡದಲ್ಲಿ ಹತ್ತು ಸೆಂಟಿಮೀಟರ್ ಅಂತರದ ಎರಡು ಬೋಲ್ಟುಗಳ ಮೇಲೆ ಬೀಳುವ ಎಳೆತ ಸುಮಾರು ಹತ್ತು ಪಟ್ಟು. ಹಲಗೆಗೆ ಸ್ಕ್ರೂ ಹೊಡೆದು ನಿಲ್ಲಿಸಿದ ಕಂಬ ಇದನ್ನು ತಡೆಯುವುದಿಲ್ಲ. ಹೊರಗಿನ ಜಂತೆಗೆ ಆರಪಾರ ಬೋಲ್ಟ್ ಹಾಕಿ, ಹಿಂದೆ ಅಡ್ಡತುಂಡು ಕೊಡಿ.

ಜೇನುಮೇಣ, ಅಗಸೆ ಎಣ್ಣೆಯ ಫಿನಿಶ್ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಒಳಾಂಗಣಕ್ಕೆ ಸರಿ, ನಮ್ಮ ಮಳೆಗಾಲಕ್ಕೆ ಅಲ್ಲ. ತೂತು ಕೊರೆಯುವುದೆಲ್ಲ ಮುಗಿದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದುವುದು) ಮಾಡಿಸಿ, ಅದರ ಮೇಲೆ ಬಣ್ಣ. ಸುತ್ತಿಗೆ ಗುರುತು ಸ್ವಲ್ಪ ಮಂದವಾಗುತ್ತದೆ, ಪರವಾಗಿಲ್ಲ.

ಕೊಳ್ಳಲೇಬೇಕಾದ್ದು ಅಂದರೆ ನಾಲ್ಕಿಂಚಿನ ಗ್ರೈಂಡರ್, ಒಳ್ಳೆಯ ಡ್ರಿಲ್, ಸರಳನ್ನು ಬಿಗಿಯಾಗಿ ಹಿಡಿಯುವ ಭಾರದ ವೈಸ್, ಕಣ್ಣಿಗೆ ಕನ್ನಡಕ. ವೆಲ್ಡಿಂಗಿಗೆ ಫ್ಯಾಬ್ರಿಕೇಶನ್‌ನವರನ್ನು ಒಂದು ದಿನ ಕರೆಸಿ. ಇದಾದ ಮೇಲೂ ಗ್ಯಾಸ್ ಫೋರ್ಜಿನ ಆಸೆ ಹೋಗದಿದ್ದರೆ ತಗೊಳ್ಳಿ, ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಅಂದ ಹಾಗೆ, ಡೆಕ್ ನೆಲದಿಂದ ಎಷ್ಟು ಎತ್ತರ ಅಂತ ನೀವು ಬರೆದಿಲ್ಲ. ಎರಡೂವರೆ ಅಡಿ ಒಳಗಿದ್ದರೆ ಆ ಅಮೆರಿಕದ ನಿಯಮವೂ ರೇಲಿಂಗ್ ಕಡ್ಡಾಯ ಮಾಡುವುದಿಲ್ಲ. ಆಗ ಮೆಟ್ಟಿಲ ಪಕ್ಕಕ್ಕೆ ಮಾತ್ರ ಕುಲುಮೆ ಕೆಲಸ ಇಟ್ಟುಕೊಂಡು, ಉಳಿದ ಅಂಚಿಗೆ ಕೂರುವ ಬೆಂಚು ಮಾಡಿಸಬಹುದು. ಎತ್ತರ ತಿಳಿಸಿದರೆ ಕಂಬದ ಅಳತೆ ಬರೆದು ಹಾಕುತ್ತೇನೆ.